ಲಿನೇಯಸ್ ಎಂಬ ಮೊದಲ ವರ್ಷದ ವಿದ್ಯಾರ್ಥಿ

(ಪದವಿ ತರಗತಿಗೆ ಹೊಸದಾಗಿ ಸೇರಿದವರಿಗಾಗಿ ನಡೆದ ನಿಸರ್ಗ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲ ಹಿಡಿಯುವ ಹೊತ್ತಿಗೆ ಮಲೆನಾಡಿನ ಅನೇಕ ಮನೆಗಳಿಂದ ಒಬ್ಬ ಮಗನೋ ಮಗಳೋ ಪೇಟೆಯ ಕಾಲೇಜಿಗೆ ಹೊರಡುತ್ತಾರೆ. ಚೀಲದಲ್ಲಿ ಬಟ್ಟೆಬರೆ, ಉಪ್ಪಿನಕಾಯಿಯ ಭರಣಿ, ಒಂದಿಷ್ಟು ಹಪ್ಪಳ. ತಂದೆತಾಯಿಯ ಮನಸ್ಸಿನಲ್ಲಿ ಒಂದೇ ಚಿಂತೆ: ಹುಡುಗ ಓದಿಗೆ ನಿಲ್ಲುತ್ತಾನೋ ಇಲ್ಲವೋ. ಅದರಲ್ಲಿಯೂ ಶಾಲೆಯಲ್ಲಿ ಕಡಿಮೆ ಅಂಕ ಪಡೆದು, ಬೆಟ್ಟ, ಹಳ್ಳ, ಹಕ್ಕಿ, ಹುಳು ಎಂದು ಅಲೆಯುವ ಮಗುವಾದರೆ ಚಿಂತೆ ಇಮ್ಮಡಿ. 'ಇವನಿಗೆ ಓದು ಹತ್ತುವುದಿಲ್ಲ' ಎಂಬ ಮಾತನ್ನು ಬಂಧುಗಳೂ ಮೇಷ್ಟರೂ ಎಷ್ಟು ಸುಲಭವಾಗಿ ಆಡಿಬಿಡುತ್ತಾರೆ! ಆ ಮಾತು ಒಂದು ಜೀವದ ದಿಕ್ಕನ್ನೇ ಬದಲಿಸಬಲ್ಲದು ಎಂಬ ಎಚ್ಚರ ಆಡುವವರಿಗೆ ಇರುವುದಿಲ್ಲ.

ಇಂಥ ಮಾತನ್ನು ಕೇಳಿಸಿಕೊಂಡ ಒಬ್ಬ ವಿದ್ಯಾರ್ಥಿಯ ಮೊದಲ ವರ್ಷಗಳ ವೃತ್ತಾಂತವೇ ಇಂದಿನ ವಿಷಯ. ಅವನು ಮಲೆನಾಡಿನವನಲ್ಲ; ಸುಮಾರು 300 ವರ್ಷಗಳ ಹಿಂದೆ ಯೂರೋಪಿನ ಉತ್ತರ ಭಾಗದ ಸ್ವೀಡನ್ ದೇಶದಲ್ಲಿ ಹುಟ್ಟಿದವನು. ಹೆಸರು ಕಾರ್ಲ್ ಲಿನೇಯಸ್. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಪುಸ್ತಕದ ಮೊದಲ ಪುಟಗಳಲ್ಲಿಯೇ ಈ ಹೆಸರು ಸಿಗುತ್ತದೆ. ಪ್ರತಿ ಜೀವಿಗೂ ಎರಡು ಪದಗಳ ವೈಜ್ಞಾನಿಕ ಹೆಸರನ್ನು ಇಡುವ ಕ್ರಮವನ್ನು ನೆಲೆಗೊಳಿಸಿದವನು ಅವನು. ಪುಸ್ತಕದಲ್ಲಿ ಕಾಣುವುದು ಪದಕ ಧರಿಸಿ, ಕೃತಕ ಕೇಶ ತೊಟ್ಟ ಪ್ರೌಢ ವಿದ್ವಾಂಸನ ಚಿತ್ರ. ಹರಿದ ಪಾದರಕ್ಷೆಯ, ಹಸಿದ ಹೊಟ್ಟೆಯ ಮೊದಲ ವರ್ಷದ ವಿದ್ಯಾರ್ಥಿಯ ಚಿತ್ರ ಅಲ್ಲಿ ಇರುವುದಿಲ್ಲ. ಇಲ್ಲಿ ನೋಡಬೇಕಾದುದು ಆ ಎರಡನೆಯ ಚಿತ್ರವನ್ನು.

ತೋಟದಿಂದ ಶಾಲೆಗೆ

ಲಿನೇಯಸ್ ಹುಟ್ಟಿದ್ದು 1707ರ ಮೇ ತಿಂಗಳಿನಲ್ಲಿ, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತದ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಚರ್ಚಿನ ಪಾದ್ರಿ. ಮನೆತನದ ಹೆಸರೇ ಒಂದು ಮರದಿಂದ ಬಂದದ್ದು: ಕುಟುಂಬದ ಭೂಮಿಯಲ್ಲಿದ್ದ ಒಂದು ದೊಡ್ಡ ಲಿಂಡೆನ್ ಮರದ ನೆನಪಿಗೆ ನಿಲ್ಸ್ ಆ ಹೆಸರನ್ನು ಇಟ್ಟುಕೊಂಡರು. ಪಾದ್ರಿಗೆ ದೇವರ ಕೆಲಸದಷ್ಟೇ ಪ್ರೀತಿ ತೋಟದ ಕೆಲಸದ ಮೇಲೆ. ಮಗುವಿಗೆ ಅವರು ಗಿಡಗಳ ಹೆಸರು ಹೇಳಿಕೊಡುತ್ತಿದ್ದರು. ಮರೆತರೆ ಮತ್ತೆ ಹೇಳುವುದಿಲ್ಲವೆಂದು ಗದರುತ್ತಲೂ ಇದ್ದರು. ಮನೆಯ ಹಿತ್ತಲೇ ಆ ಮಗುವಿನ ಮೊದಲ ಪಾಠಶಾಲೆ.

ನಿಜವಾದ ಶಾಲೆ ವೆಕ್‌ಶೊ ಪಟ್ಟಣದಲ್ಲಿತ್ತು. ಹಿರಿಯ ಮಗ ತಂದೆಯಂತೆ ಪಾದ್ರಿಯಾಗಬೇಕು ಎಂಬುದು ಮನೆಯವರ ತೀರ್ಮಾನ. ಅದಕ್ಕೆ ಬೇಕಾದುದು ಗ್ರೀಕ್, ಹೀಬ್ರೂ ಭಾಷೆಗಳು ಮತ್ತು ಧರ್ಮಶಾಸ್ತ್ರ. ಹುಡುಗನಿಗೆ ಅವು ಹಿಡಿಸಲಿಲ್ಲ. ಗಣಿತ, ಭೌತವಿಜ್ಞಾನಗಳಲ್ಲಿ ಚುರುಕಾಗಿದ್ದ. ಮಿಕ್ಕ ಸಮಯವೆಲ್ಲ ಊರಾಚೆಯ ಬಯಲಿನಲ್ಲಿ ಗಿಡ ಹುಡುಕುವುದರಲ್ಲಿ ಕಳೆಯುತ್ತಿತ್ತು. 1726ರಲ್ಲಿ ಮಗನ ಪ್ರಗತಿ ವಿಚಾರಿಸಲು ತಂದೆ ಶಾಲೆಗೆ ಬಂದಾಗ ಅಧ್ಯಾಪಕರು ನೇರವಾಗಿಯೇ ಹೇಳಿದರು: ಇವನನ್ನು ಓದಿಸುವುದು ದುಡ್ಡು ದಂಡ, ದರ್ಜಿಯ ಬಳಿಯೋ ಮೋಚಿಯ ಬಳಿಯೋ ಕೆಲಸ ಕಲಿಯಲು ಬಿಡುವುದು ಮೇಲು.

ದರ್ಜಿಯ ಕೆಲಸವಾಗಲಿ ಮೋಚಿಯ ಕೆಲಸವಾಗಲಿ ಕೀಳಲ್ಲ. ಆದರೆ ಇಲ್ಲಿ ಆ ಮಾತು ಕಸುಬಿನ ಸಲಹೆಯಾಗಿರದೆ ಶಿಕ್ಷೆಯಾಗಿತ್ತು. ತಂದೆ ಬಹಳ ನೊಂದರು. ಅದೇ ಊರಿನಲ್ಲಿ ಅವರು ತಮ್ಮ ಕಾಯಿಲೆಗೆ ಔಷಧ ಕೇಳಲು ಯೋಹಾನ್ ರೋತ್‌ಮನ್ ಎಂಬ ವೈದ್ಯರ ಬಳಿಗೆ ಹೋದರು. ರೋತ್‌ಮನ್ ಅದೇ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದವರು. ಅವರ ಅಭಿಪ್ರಾಯ ಬೇರೆಯೇ ಆಗಿತ್ತು: ಹುಡುಗ ಪಾದ್ರಿಯಾಗಲಾರ, ನಿಜ, ಆದರೆ ಒಳ್ಳೆಯ ವೈದ್ಯನಾಗಬಲ್ಲ. ಆ ಕಾಲದಲ್ಲಿ ಔಷಧಗಳಲ್ಲಿ ಹೆಚ್ಚಿನವು ಗಿಡಮೂಲಿಕೆಗಳೇ ಆಗಿದ್ದುದರಿಂದ ಸಸ್ಯಜ್ಞಾನಕ್ಕೂ ವೈದ್ಯಕ್ಕೂ ನೇರವಾದ ನಂಟಿತ್ತು. ರೋತ್‌ಮನ್ ಹುಡುಗನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಶರೀರಕ್ರಿಯೆಯನ್ನೂ ಸಸ್ಯಶಾಸ್ತ್ರವನ್ನೂ ಕ್ರಮವಾಗಿ ಕಲಿಸಿದರು. ಹೂವಿನ ಕೇಸರವೂ ಶಲಾಕೆಯೂ ಗಿಡದ ಸಂತಾನೋತ್ಪತ್ತಿಯ ಅಂಗಗಳು ಎಂಬ, ಆಗ ತೀರ ಹೊಸದಾಗಿದ್ದ ವಿಚಾರವನ್ನು ಅವನ ಕಿವಿಗೆ ಹಾಕಿದವರೂ ಅವರೇ. ಇದು ತೆರೆದ ಮೊದಲ ಬಾಗಿಲು.

ತೋರಿಸದೆ ಉಳಿದ ಪತ್ರ

1727ರ ಆಗಸ್ಟ್ ತಿಂಗಳಿನಲ್ಲಿ, ಇಪ್ಪತ್ತು ವರ್ಷದ ಲಿನೇಯಸ್ ಲುಂಡ್ ವಿಶ್ವವಿದ್ಯಾಲಯಕ್ಕೆ ಹೊರಟ. ಕೈಯಲ್ಲಿ ಶಾಲೆಯ ಮುಖ್ಯಸ್ಥರು ಕೊಟ್ಟ ಪ್ರಮಾಣಪತ್ರವಿತ್ತು. ವಿದ್ಯಾರ್ಥಿಗಳು ಸಸಿತೋಟದ ಗಿಡಗಳಿದ್ದಂತೆ. ಎಷ್ಟು ಆರೈಕೆ ಮಾಡಿದರೂ ಕೆಲವು ಕಾಡುಗಿಡದಂತೆಯೇ ಬೆಳೆದುಬಿಡುತ್ತವೆ. ಬೇರೆ ಮಣ್ಣಿಗೆ ಕಿತ್ತು ನೆಟ್ಟರೆ ಅವೂ ಫಲ ಕೊಟ್ಟಾವು. ಅಂಥ ಆಸೆಯಿಂದ ಇವನನ್ನು ಕಳುಹಿಸಲಾಗಿದೆ ಎಂಬುದು ಆ ಪತ್ರದ ಸಾರಾಂಶ. ಹೊಗಳಿಕೆಯ ಮುಸುಕಿನಲ್ಲಿದ್ದ ನಿಂದೆ ಅದು.

ಲುಂಡ್‌ನಲ್ಲಿ ಅವನ ಹಳೆಯ ಶಿಕ್ಷಕರಾದ ಗೇಬ್ರಿಯೆಲ್ ಹೋಕ್ ಇದ್ದರು. ಹೋಕ್ ಆ ಪತ್ರವನ್ನು ಹೊರಗೆ ತೆಗೆಯುವ ಪ್ರಮೇಯವನ್ನೇ ಬರಗೊಡದೆ, ಇವನು ತಮ್ಮ ಖಾಸಗಿ ಶಿಷ್ಯನೆಂದು ಹೇಳಿ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದರೆಂದು ಲಿನೇಯಸ್‌ನ ಜೀವನಚರಿತ್ರೆಗಳು ಹೇಳುತ್ತವೆ. ಒಬ್ಬ ಶಿಕ್ಷಕರು ಬರೆದ ಪತ್ರವನ್ನು ಇನ್ನೊಬ್ಬ ಶಿಕ್ಷಕರು ಬದಿಗಿರಿಸಿದರು. ಇದು ಎರಡನೆಯ ಬಾಗಿಲು.

ವಿಶ್ವವಿದ್ಯಾಲಯವೆಂದ ಕೂಡಲೇ ದೊಡ್ಡ ಪ್ರಯೋಗಶಾಲೆ, ತುಂಬಿದ ಗ್ರಂಥಾಲಯ ಎಂದು ಭಾವಿಸಬಾರದು. ಲುಂಡ್‌ನ ವೈದ್ಯಕೀಯ ವಿಭಾಗ ಬಹು ಚಿಕ್ಕದಾಗಿತ್ತು. ಲಿನೇಯಸ್‌ನ ನಿಜವಾದ ಕಲಿಕೆ ನಡೆದದ್ದು ಅವನು ಬಾಡಿಗೆಗಿದ್ದ ಮನೆಯಲ್ಲಿ. ಆ ಮನೆ ಕಿಲಿಯನ್ ಸ್ಟೊಬೇಯಸ್ ಎಂಬ ವೈದ್ಯರದು. ಸ್ಟೊಬೇಯಸ್ ಸದಾ ಕಾಯಿಲೆಯ ಮನುಷ್ಯ. ಒಂದು ಕಣ್ಣು ಕಾಣದು, ಒಂದು ಕಾಲು ಕುಂಟು, ಮೇಲೆ ತಲೆಶೂಲೆ. ಆದರೆ ಮನೆ ತುಂಬ ಶಿಲೆಗಳು, ಚಿಪ್ಪುಗಳು, ಹಕ್ಕಿಗಳ ಮಾದರಿಗಳು, ಒಣಗಿಸಿದ ಸಸ್ಯಗಳು. ಗಿಡವನ್ನು ಕಾಗದದ ನಡುವೆ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ ವರ್ಷಗಟ್ಟಲೆ ಕಾಪಿಡಬಹುದು ಎಂಬುದನ್ನು ಲಿನೇಯಸ್ ಕಂಡದ್ದು ಅಲ್ಲಿ. ಕೂಡಲೇ ಲುಂಡ್ ಸುತ್ತಲಿನ ಗಿಡಗಳನ್ನು ಕಿತ್ತು ತಂದು ತನ್ನದೇ ಸಂಗ್ರಹವನ್ನು ಆರಂಭಿಸಿದ. ಇದು ಯಾರೂ ಕೊಟ್ಟ ಪಾಠವಲ್ಲ. ಪರೀಕ್ಷೆಗೆ ಬರುವುದೂ ಅಲ್ಲ. ಪಠ್ಯದಾಚೆಯ ಕೆಲಸ.

ರಾತ್ರಿ ಎರಡರ ಬೆಳಕು

ಸ್ಟೊಬೇಯಸ್ ಅವರ ಗ್ರಂಥಭಂಡಾರಕ್ಕೆ ಮಾತ್ರ ಬೀಗವಿತ್ತು. ಅದೇ ಮನೆಯಲ್ಲಿದ್ದ ಜರ್ಮನಿಯ ಒಬ್ಬ ವಿದ್ಯಾರ್ಥಿಗೆ ಪುಸ್ತಕ ತೆಗೆದುಕೊಳ್ಳುವ ಅನುಮತಿ ಇತ್ತು. ಲಿನೇಯಸ್ ಅವನೊಡನೆ ಒಂದು ಒಪ್ಪಂದ ಮಾಡಿಕೊಂಡ: ರೋತ್‌ಮನ್ ಅವರಿಂದ ತಾನು ಕಲಿತ ಶರೀರಕ್ರಿಯೆಯ ಪಾಠವನ್ನು ಅವನಿಗೆ ಹೇಳಿಕೊಡುವುದು, ಪ್ರತಿಯಾಗಿ ಅವನು ರಾತ್ರಿಯ ಹೊತ್ತು ಗುಟ್ಟಾಗಿ ಪುಸ್ತಕ ತಂದುಕೊಡುವುದು. ಬೆಳಗಾಗುವ ಮುನ್ನ ಪುಸ್ತಕ ತನ್ನ ಜಾಗದಲ್ಲಿರಬೇಕು. ಹೀಗಾಗಿ ಓದೆಲ್ಲ ನಡುರಾತ್ರಿಯಲ್ಲಿಯೇ.

ಮನೆಯಲ್ಲಿ ಸ್ಟೊಬೇಯಸ್ ಅವರ ವೃದ್ಧ ತಾಯಿ ಇದ್ದರು. ಮುದುಕಿಗೆ ನಿದ್ರೆ ಕಡಿಮೆ. ರಾತ್ರಿಯೆಲ್ಲ ಈ ಹುಡುಗನ ಕಿಟಕಿಯಲ್ಲಿ ದೀಪ ಉರಿಯುವುದನ್ನು ಕಂಡು, ಮೇಣದಬತ್ತಿ ಹಚ್ಚಿಟ್ಟು ಮಲಗಿಬಿಡುತ್ತಾನೆ, ಮನೆಗೆ ಬೆಂಕಿ ಬಿದ್ದೀತು ಎಂದು ಮಗನಿಗೆ ದೂರು ಹೇಳಿದರು. ಮರದ ಮನೆಗಳ ಆ ನಾಡಿನಲ್ಲಿ ಬೆಂಕಿಯ ಭಯ ಸಣ್ಣದಲ್ಲ. ಎರಡು ದಿನಗಳ ನಂತರ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಸ್ಟೊಬೇಯಸ್ ಕಳ್ಳಹೆಜ್ಜೆ ಇಟ್ಟು ಬಂದು ಬಾಗಿಲು ತೆರೆದರು. ಹುಡುಗ ನಿದ್ರಿಸುತ್ತಿರಲಿಲ್ಲ. ಮುಂದೆ ತೆರೆದಿಟ್ಟ ಸಸ್ಯಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳು, ಎಲ್ಲವೂ ಸ್ಟೊಬೇಯಸ್ ಅವರವೇ.

ಕದ್ದು ಓದುತ್ತಿದ್ದವನು ಸಿಕ್ಕಿಬಿದ್ದ. ಮನೆಯಿಂದ ಹೊರಹಾಕಿದ್ದರೆ ತಪ್ಪೆನ್ನುವಂತಿರಲಿಲ್ಲ. ಸ್ಟೊಬೇಯಸ್ ಆ ರಾತ್ರಿ ಅವನಿಗೆ ಮಲಗಲು ಹೇಳಿದರು. ಮರುದಿನ ಕರೆಸಿ ವಿಚಾರಿಸಿದರು. ವಿಷಯ ತಿಳಿದ ಮೇಲೆ ಗ್ರಂಥಭಂಡಾರದ ಬೀಗದ ಕೈಯನ್ನೇ ಅವನ ಕೈಗಿತ್ತರು. ತಮ್ಮ ಪಂಕ್ತಿಯಲ್ಲಿಯೇ ಊಟ ಹಾಕಿಸಿದರು. ರೋಗಿಗಳನ್ನು ನೋಡಲು ಹೋಗುವಾಗ ಜೊತೆಗೆ ಕರೆದೊಯ್ದರು. ಲಿನೇಯಸ್‌ನ ಹಣೆಬರಹ ಬದಲಾದ ಗಳಿಗೆ ಯಾವುದು ಎಂದು ಕೇಳಿದರೆ, ಮುಂದೆ ಅವನು ಪಡೆದ ಪದವಿ, ಗೌರವಗಳಿಗಿಂತ ಮೊದಲು ಈ ರಾತ್ರಿಯನ್ನೇ ಹೇಳಬೇಕು. ಇದು ಮೂರನೆಯ ಬಾಗಿಲು.

ಇಲ್ಲದ ಹುಳುವಿನ ಕಥೆ

1728ರಲ್ಲಿ ಲುಂಡ್ ಹೊರವಲಯದ ಫೋಗೆಲ್‌ಸೋಂಗ್ ಎಂಬಲ್ಲಿ ಗಿಡ ಸಂಗ್ರಹಿಸುತ್ತಿದ್ದಾಗ ಲಿನೇಯಸ್‌ನ ತೋಳಿಗೆ ಏನೋ ಕಚ್ಚಿತು. ತೋಳು ಊದಿ, ಜ್ವರವೇರಿ, ಜೀವವೇ ಹೋಗುವ ಸ್ಥಿತಿ ಬಂತು. ಶಸ್ತ್ರವೈದ್ಯರು ತೋಳನ್ನು ಉದ್ದಕ್ಕೆ ಕೊಯ್ದ ಮೇಲೆ ಬದುಕಿ ಉಳಿದ.

ತನ್ನನ್ನು ಕಚ್ಚಿದ್ದು ಗಾಳಿಯಲ್ಲಿ ಬಂದು ಬೀಳುವ ಒಂದು ಸೂಕ್ಷ್ಮವಾದ ಹುಳು ಎಂದು ಅವನು ನಂಬಿದ. ಆ ನಂಬಿಕೆ ಅಲ್ಲಿನ ಜನರಲ್ಲಿಯೂ ಇತ್ತು. ಮುಂದೆ ಪ್ರಸಿದ್ಧನಾದ ಮೇಲೆ ಅದಕ್ಕೆ 'ಫ್ಯೂರಿಯಾ ಇನ್‌ಫರ್ನಾಲಿಸ್' ಎಂಬ ವೈಜ್ಞಾನಿಕ ಹೆಸರನ್ನೂ ಇಟ್ಟ. ಅಂಥ ಹುಳು ಯಾರಿಗೂ ಸಿಗಲಿಲ್ಲ. ಅದು ಇರಲೇ ಇಲ್ಲ. ಜೀವಿಗಳಿಗೆ ಹೆಸರಿಡುವ ವಿದ್ಯೆಯ ಪಿತಾಮಹನೇ ಇಲ್ಲದ ಜೀವಿಗೆ ಹೆಸರಿಟ್ಟ.

ವಿದ್ಯಾರ್ಥಿಗಳು ಈ ಪ್ರಸಂಗವನ್ನು ನೆನಪಿನಲ್ಲಿಡುವುದು ಒಳ್ಳೆಯದು. ನೋವು ನಿಜ, ಊತ ನಿಜ, ಜ್ವರ ನಿಜ. ಆದರೆ ಕಾರಣವನ್ನು ಕಣ್ಣಾರೆ ಕಾಣದೆ ಬರೆದದ್ದು ತಪ್ಪಾಯಿತು. ಟಿಪ್ಪಣಿ ಪುಸ್ತಕದಲ್ಲಿ 'ಕಂಡದ್ದು' ಮತ್ತು 'ಕೇಳಿದ್ದು' ಎಂಬ ಎರಡು ಅಂಕಣಗಳು ಬೇರೆಬೇರೆಯಾಗಿ ಇರಬೇಕಾದುದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಉಪ್ಸಾಲಾದ ಹಸಿವು

ಕಾಯಿಲೆಯಿಂದ ಚೇತರಿಸಿಕೊಳ್ಳಲು ಊರಿಗೆ ಬಂದ ಲಿನೇಯಸ್‌ಗೆ ರೋತ್‌ಮನ್ ಹೊಸ ಸಲಹೆ ಕೊಟ್ಟರು: ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೋಗು, ಅಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದಾರೆ, ಸಸ್ಯೋದ್ಯಾನವಿದೆ. 1728ರ ಶರತ್ಕಾಲದಲ್ಲಿ ಅವನು ಉಪ್ಸಾಲಾ ಸೇರಿದ. ತಮಗೆ ಹೇಳದೆ ಹೊರಟನೆಂದು ಸ್ಟೊಬೇಯಸ್ ನೊಂದುಕೊಂಡರು. ಉಪಕಾರ ಮಾಡಿದವರ ಮನಸ್ಸನ್ನು ನೋಯಿಸುವ ತಪ್ಪು ಆ ವಯಸ್ಸಿನಲ್ಲಿ ಆಗುವಂಥದು; ಅವನಿಂದಲೂ ಆಯಿತು.

ಹೊಸ ಊರಿನಲ್ಲಿ ಅವನು ಮತ್ತೆ ಮೊದಲ ವರ್ಷದ ವಿದ್ಯಾರ್ಥಿ. ನಿರೀಕ್ಷೆ ಹುಸಿಯಾಯಿತು. ವೈದ್ಯಕೀಯದ ಇಬ್ಬರು ಪ್ರಾಧ್ಯಾಪಕರಾದ ಓಲೋಫ್ ರೂಡ್ಬೆಕ್ ಮತ್ತು ಲಾರ್ಸ್ ರೋಬರ್ಗ್ ವೃದ್ಧರಾಗಿದ್ದರು. ಪಾಠ ನಡೆಯುತ್ತಿದ್ದುದೇ ಅಪರೂಪ. ರೂಡ್ಬೆಕ್ ಅವರ ತಂದೆ 1655ರಲ್ಲಿ ಕಟ್ಟಿದ ಸಸ್ಯೋದ್ಯಾನವು 1702ರ ಭಾರಿ ಬೆಂಕಿಯ ನಂತರ ಚೇತರಿಸಿಕೊಂಡೇ ಇರಲಿಲ್ಲ. ಸಸ್ಯಶಾಸ್ತ್ರಕ್ಕಾಗಿ ಬಂದ ಹುಡುಗನಿಗೆ ಸಸ್ಯಶಾಸ್ತ್ರದ ಒಂದು ಉಪನ್ಯಾಸವೂ ಕೇಳಸಿಗಲಿಲ್ಲ.

ಮನೆಯಿಂದ ತಂದ ಹಣ ಬೇಗ ಕರಗಿತು. ಮಗ ಪಾದ್ರಿಯಾಗಲಿಲ್ಲವೆಂಬ ಕೊರಗು ತಾಯಿಯ ಮನಸ್ಸಿನಿಂದ ಹೋಗಿರಲಿಲ್ಲ. ತಮ್ಮ ಸಾಮ್ಯುಯೆಲ್ ತೋಟಕ್ಕೆ ಕಾಲಿಡದಂತೆ ಆಕೆ ತಡೆದಳೆಂದು ಹೇಳುವುದುಂಟು. (ಸಾಮ್ಯುಯೆಲ್ ಪಾದ್ರಿಯೇನೋ ಆದ, ಆದರೆ ಜೇನುಸಾಕಣೆಯ ಬಗ್ಗೆ ಪುಸ್ತಕ ಬರೆದು ಹೆಸರಾದ. ತೋಟದ ಬೇಲಿ ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ.) ಉಪ್ಸಾಲಾದ ಚಳಿಯಲ್ಲಿ ಲಿನೇಯಸ್‌ನ ಪಾದರಕ್ಷೆಯ ಅಟ್ಟೆ ಸವೆದು ತೂತಾಯಿತು. ಹೊಸದು ಕೊಳ್ಳಲು ಹಣವಿಲ್ಲದೆ ಒಳಗೆ ಕಾಗದ ತುಂಬಿ ನಡೆದ. ಊಟಕ್ಕೆ ಅವರಿವರ ಆಶ್ರಯ. ಅನೇಕ ವಿದ್ಯಾರ್ಥಿಗಳು ಊರಿಗೆ ಮರಳಿ ಓದಿಗೆ ತಿಲಾಂಜಲಿ ಕೊಡುವುದು ಇಂಥ ಘಟ್ಟದಲ್ಲಿಯೇ.

ಇಬ್ಬರ ಒಪ್ಪಂದ

ಅವನನ್ನು ಉಳಿಸಿದ ಸಂಗತಿಗಳು ಎರಡು. ಮೊದಲನೆಯದು ಸ್ನೇಹ. ಉಪ್ಸಾಲಾದಲ್ಲಿ ಪೀಟರ್ ಆರ್ಟೆಡಿ ಎಂಬ ಇನ್ನೊಬ್ಬ ಬಡ ವಿದ್ಯಾರ್ಥಿ ಇದ್ದ. ಅವನೂ ಧರ್ಮಶಾಸ್ತ್ರಕ್ಕೆಂದು ಬಂದು ಪ್ರಕೃತಿಯ ಕಡೆಗೆ ತಿರುಗಿದವನು. ಒಬ್ಬ ಗಿಡ್ಡ, ಇನ್ನೊಬ್ಬ ಎತ್ತರ. ಒಬ್ಬ ಚುರುಕು, ಇನ್ನೊಬ್ಬ ಗಂಭೀರ. ಇಬ್ಬರೂ ಸೇರಿ ಸೃಷ್ಟಿಯನ್ನೇ ಪಾಲು ಮಾಡಿಕೊಂಡರು! ಮೀನುಗಳು, ಉಭಯವಾಸಿಗಳು ಆರ್ಟೆಡಿಗೆ. ಹಕ್ಕಿ, ಕೀಟಗಳು ಲಿನೇಯಸ್‌ಗೆ. ಗಿಡಗಳೆಲ್ಲ ಲಿನೇಯಸ್‌ಗೆ, ಆದರೆ ಕೊತ್ತಂಬರಿ, ಜೀರಿಗೆಗಳ ಕುಟುಂಬ ಮಾತ್ರ ಆರ್ಟೆಡಿಗೆ. ಒಬ್ಬನಿಗೆ ಹೊಸದೇನಾದರೂ ಹೊಳೆದರೆ ಇನ್ನೊಬ್ಬನಿಗೆ ಹೇಳಬೇಕು. ಒಬ್ಬ ಸತ್ತರೆ ಬದುಕಿದವನು ಅವನ ಕೆಲಸವನ್ನು ಪೂರ್ತಿ ಮಾಡಬೇಕು.

ಇಪ್ಪತ್ತರ ಹರೆಯದಲ್ಲಿ ಸಾವಿನ ಮಾತು ಆಟದಂತೆ ಕಾಣುತ್ತದೆ. 1735ರ ಸೆಪ್ಟೆಂಬರಿನಲ್ಲಿ ಆರ್ಟೆಡಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ರಾತ್ರಿ ಮನೆಗೆ ಮರಳುವಾಗ ಕಾಲುವೆಗೆ ಬಿದ್ದು ತೀರಿಕೊಂಡ. ಆಗ ಅವನಿಗೆ ಮೂವತ್ತು ವರ್ಷ. ಲಿನೇಯಸ್ ಗೆಳೆಯನ ಹಸ್ತಪ್ರತಿಗಳನ್ನು ಬಿಡಿಸಿಕೊಂಡು, ಪರಿಷ್ಕರಿಸಿ, 1738ರಲ್ಲಿ ಅಚ್ಚು ಹಾಕಿಸಿದ. ಮತ್ಸ್ಯವಿಜ್ಞಾನದ ಅಡಿಗಲ್ಲೆಂದು ಇಂದು ಹೇಳುವ ಆ ಗ್ರಂಥ ಆರ್ಟೆಡಿಯ ಹೆಸರಿನಲ್ಲಿಯೇ ಇದೆ. ಗೆಳೆಯನಿಗೆ ಕೊಟ್ಟ ಮಾತು ಹಾಗೆ ನಡೆಯಿತು.

ಹೊಸ ವರ್ಷದ ಕಾಣಿಕೆ

ಎರಡನೆಯ ಸಂಗತಿ ಅವನ ಪಠ್ಯದಾಚೆಯ ಕೆಲಸ. 1729ರ ವಸಂತದಲ್ಲಿ ಸೊರಗಿದ ಸಸ್ಯೋದ್ಯಾನದಲ್ಲಿ ಒಂದು ಹೂವನ್ನು ಪರೀಕ್ಷಿಸುತ್ತ ಕುಳಿತಿದ್ದಾಗ ಒಬ್ಬ ಹಿರಿಯ ಪಾದ್ರಿ ಹತ್ತಿರ ಬಂದು ಮಾತನಾಡಿಸಿದರು. ಗಿಡಗಳ ಹೆಸರು ಕೇಳಿದರು. ಹುಡುಗ ಪಟಪಟನೆ ಹೇಳಿದ. ಸಸ್ಯಸಂಗ್ರಹ ಇದೆಯೇ ಎಂದು ಕೇಳಿದರು. 600ಕ್ಕೂ ಹೆಚ್ಚು ಗಿಡಗಳಿವೆ ಎಂದ. ಆ ಹಿರಿಯರು ಧರ್ಮಶಾಸ್ತ್ರದ ವಿದ್ವಾಂಸ ಓಲೋಫ್ ಸೆಲ್ಸಿಯಸ್; ಉಷ್ಣತೆಯ ಮಾಪನಕ್ಕೆ ಹೆಸರಾದ ಆಂಡರ್ಸ್ ಸೆಲ್ಸಿಯಸ್‌ನ ಚಿಕ್ಕಪ್ಪ. ಬೈಬಲಿನಲ್ಲಿ ಬರುವ ಗಿಡಗಳ ಬಗ್ಗೆ ಅವರು ಗ್ರಂಥವೊಂದನ್ನು ಸಿದ್ಧಪಡಿಸುತ್ತಿದ್ದರು. ಹುಡುಗನ ಬಟ್ಟೆ, ಪಾದರಕ್ಷೆಗಳನ್ನು ನೋಡಿದ ಸೆಲ್ಸಿಯಸ್ ಅವರಿಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಮನೆಗೆ ಕರೆದೊಯ್ದು ಊಟ, ವಸತಿ, ಪುಸ್ತಕ ಎಲ್ಲವನ್ನೂ ಕೊಟ್ಟರು. ಇದು ನಾಲ್ಕನೆಯ ಬಾಗಿಲು.

ಹೊಸ ವರ್ಷಕ್ಕೆ ಗುರುಹಿರಿಯರಿಗೆ ಪದ್ಯ ಬರೆದು ಅರ್ಪಿಸುವುದು ಅಲ್ಲಿನ ವಿದ್ಯಾರ್ಥಿಗಳ ವಾಡಿಕೆ. ಲಿನೇಯಸ್‌ಗೆ ಪದ್ಯ ಬರುತ್ತಿರಲಿಲ್ಲ. 1729ರ ಕೊನೆಯಲ್ಲಿ ಅವನು ಪದ್ಯದ ಬದಲು ಒಂದು ಸಣ್ಣ ಪ್ರಬಂಧವನ್ನು ಬರೆದು ಸೆಲ್ಸಿಯಸ್ ಅವರಿಗೆ ಒಪ್ಪಿಸಿದ. ಅದರ ವಿಷಯ ಗಿಡಗಳ ಮದುವೆ: ಕೇಸರದ ಪರಾಗ ಶಲಾಕೆಯನ್ನು ಸೇರಿ ಬೀಜವಾಗುವ ಕ್ರಮ. ಪ್ರಬಂಧದ ನಕಲುಗಳು ವಿದ್ಯಾರ್ಥಿಗಳ ನಡುವೆ ಕೈಯಿಂದ ಕೈಗೆ ಹೋದವು. ಒಂದು ಪ್ರತಿ ರೂಡ್ಬೆಕ್ ಅವರಿಗೂ ತಲುಪಿತು. ವೃದ್ಧ ಪ್ರಾಧ್ಯಾಪಕರು ಮೆಚ್ಚಿ, 1730ರ ಮೇ ತಿಂಗಳಿನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಇವನನ್ನೇ ಉದ್ಯಾನದಲ್ಲಿ ಗಿಡಗಳ ಪಾಠ ಹೇಳಲು ನೇಮಿಸಿದರು. ಕೇಳಲು ನೂರಾರು ಜನ ಬಂದರು. ಪಾಠವೇ ಇಲ್ಲದ ಉದ್ಯಾನದಲ್ಲಿ, ಪಾಠ ಸಿಗದ ವಿದ್ಯಾರ್ಥಿಯೇ ಪಾಠ ಹೇಳಿದ.

ಆ ಪ್ರಬಂಧದ ಬೀಜದಿಂದಲೇ ಅವನ ವರ್ಗೀಕರಣ ಪದ್ಧತಿ ಮೊಳೆಯಿತು. ಹೂವಿನ ಕೇಸರಗಳ ಸಂಖ್ಯೆ, ಉದ್ದ, ಜೋಡಣೆಗಳನ್ನು ನೋಡಿ ಗಿಡಗಳನ್ನು 24 ವರ್ಗಗಳಾಗಿ ವಿಂಗಡಿಸುವ ಪದ್ಧತಿ ಅದು. ಅಂಗಳದ ದಾಸವಾಳವನ್ನು ಕಿತ್ತು ನೋಡಿದರೆ ಕೇಸರಗಳೆಲ್ಲ ಒಂದು ಕೊಳವೆಯಾಗಿ ಕೂಡಿಕೊಂಡಿರುವುದು ಕಾಣುತ್ತದೆ. ತುಂಬೆಯ ಹೂವಿನ ನಾಲ್ಕು ಕೇಸರಗಳಲ್ಲಿ ಎರಡು ಉದ್ದ, ಎರಡು ಗಿಡ್ಡ. ಇವು ಅವನ ಬೇರೆಬೇರೆ ವರ್ಗಗಳಿಗೆ ಸೇರುತ್ತವೆ. ಈ ಪದ್ಧತಿಯನ್ನು ನಂತರದ ವಿಜ್ಞಾನಿಗಳು ಕೈಬಿಟ್ಟರು. ಆದರೆ ಕೈಯಲ್ಲೊಂದು ಹೂವು ಹಿಡಿದು ಎಣಿಸಬಲ್ಲ ಯಾರೇ ಆದರೂ ಸಸ್ಯಶಾಸ್ತ್ರದೊಳಗೆ ಕಾಲಿಡಬಹುದೆಂಬ ಧೈರ್ಯವನ್ನು ಅದು ಒಂದು ಕಾಲಕ್ಕೆ ಕೊಟ್ಟಿತು.

ಬಸಳೆಯ ಚಪ್ಪರ

ಈ ಸ್ವೀಡನ್ನಿನ ಕಥೆಗೂ ಪಶ್ಚಿಮ ಘಟ್ಟಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳಬಹುದು. ಸಂಬಂಧ ಮನೆಯ ಹಿತ್ತಲಿನಲ್ಲಿಯೇ ಇದೆ.

1753ರಲ್ಲಿ ಲಿನೇಯಸ್ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಸುಮಾರು 5,900 ಸಸ್ಯಗಳಿಗೆ ಎರಡು ಪದಗಳ ಹೆಸರುಗಳಿವೆ. ಅವುಗಳಲ್ಲಿ ಒಂದು 'ಬಸೆಲ್ಲಾ ಆಲ್ಬಾ'. ಲ್ಯಾಟಿನ್ ವೇಷ ತೊಟ್ಟಿದ್ದರೂ ಅದು ಚಪ್ಪರದ ಬಸಳೆಯೇ. ಅಡಕೆಯ 'ಅರೆಕಾ' ಎಂಬುದೂ ಮಲಯಾಳದ 'ಅಡಕ್ಕ'ದಿಂದ ಹೊರಟ ಪದ. ಆಡುಸೋಗೆಯ ಹೆಸರಿನಲ್ಲಿರುವ 'ಅಧತೋಡ' ಎಂಬ ಪದವೂ ದಕ್ಷಿಣ ಭಾರತದ್ದೇ. ಆಡು ಮುಟ್ಟದ ಗಿಡ ಎಂದು ಅದರ ಅರ್ಥ. ಲಿನೇಯಸ್ ಭಾರತಕ್ಕೆ ಎಂದೂ ಬರಲಿಲ್ಲ. ಈ ನಾಡಿನ ಗಿಡಗಳ ವಿಷಯದಲ್ಲಿ ಅವನು ಹೆಚ್ಚಾಗಿ ಆಧರಿಸಿದ ಗ್ರಂಥಗಳಲ್ಲಿ 'ಹೊರ್ಟಸ್ ಮಲಬಾರಿಕಸ್' ಪ್ರಮುಖವಾದುದು. ಅದರ ನಿಖರತೆಯನ್ನು ಅವನು ಮುಕ್ತವಾಗಿ ಹೊಗಳಿದ್ದಾನೆ.

ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ಆ ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ 742 ಸಸ್ಯಗಳ ವಿವರಗಳಿವೆ. ಹೆಸರು ರೀಡ್ ಅವರದು, ಅರಿವು ಮಲಬಾರಿನದು. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ಓಲೆಗರಿಗಳ ಜ್ಞಾನವನ್ನು ಅದಕ್ಕೆ ಧಾರೆಯೆರೆದರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಅವರೊಡನೆ ದುಡಿದರು. ಕಾಡಿಗೆ ಹೋಗಿ ಗಿಡ ತಂದ ಜನರ ಹೆಸರುಗಳಂತೂ ಉಳಿದೇ ಇಲ್ಲ. ಈ ವೈದ್ಯರು 1675ರಲ್ಲಿ ಬರೆದುಕೊಟ್ಟ ದೃಢೀಕರಣ ಪತ್ರಗಳು ಮೊದಲ ಸಂಪುಟದಲ್ಲಿಯೇ ಅಚ್ಚಾಗಿವೆ.

ಆದರೂ ಇಂದು 'ಬಸೆಲ್ಲಾ ಆಲ್ಬಾ' ಎಂದು ಬರೆದು ಮುಂದೆ ಸೇರಿಸುವುದು 'ಎಲ್' ಎಂಬ ಒಂದಕ್ಷರವನ್ನು. ಲಿನೇಯಸ್ ಎಂದು ಅದರ ಅರ್ಥ. ಇಟ್ಟಿ ಅಚ್ಯುತನ್ ಅವರ ಹೆಸರಿನ ಒಂದಕ್ಷರವೂ ಅಲ್ಲಿಲ್ಲ. ವಿಜ್ಞಾನದ ನಿಯಮ ಹಾಗಿದೆ, ಅದಕ್ಕೆ ಅದರದೇ ಕಾರಣಗಳೂ ಇವೆ. ಆದರೆ ನಿಯಮವನ್ನು ಪಾಲಿಸುವುದು ಬೇರೆ, ಋಣವನ್ನು ಮರೆಯುವುದು ಬೇರೆ. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ಮೂರು ದಶಕಗಳಿಗೂ ಹೆಚ್ಚು ಕಾಲ ಆ ಗ್ರಂಥದ ಮೇಲೆ ದುಡಿದು, ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಭಾಷಾಂತರಿಸಿ, 2003ರಲ್ಲಿ ಕೇರಳ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದರು. ಆಮೇಲೆ ಮಲಯಾಳಕ್ಕೂ ತಂದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಮಲಬಾರಿನ ಅರಿವು ಮಲಬಾರಿನ ಭಾಷೆಗೆ ಮರಳಲು 300ಕ್ಕೂ ಹೆಚ್ಚು ವರ್ಷಗಳು ಹಿಡಿದವು.

ವಿದ್ಯಾರ್ಥಿಗೆ ಎರಡು ಮಾತು, ಹಿರಿಯರಿಗೆ ಒಂದು

ಲಿನೇಯಸ್‌ನ ಮೊದಲ ವರ್ಷಗಳಿಂದ ವಿದ್ಯಾರ್ಥಿಗಳು ಎತ್ತಿಕೊಳ್ಳಬಹುದಾದ ಮೊದಲ ಮಾತು ಇದು: ತರಗತಿ ಚೆನ್ನಾಗಿಲ್ಲ ಎಂಬ ದೂರು ನಿಜವಿರಬಹುದು, ಆದರೆ ದೂರಿನಿಂದ ಕಲಿಕೆ ಆಗುವುದಿಲ್ಲ. ಸೆಲ್ಸಿಯಸ್ ಕೇಳಿದಾಗ ಹುಡುಗನ ಬಳಿ 600 ಗಿಡಗಳ ಸಂಗ್ರಹ ಸಿದ್ಧವಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಕೈಯಲ್ಲಿ ಏನಾದರೂ ಇರಬೇಕು. ಇಂದು ಅದಕ್ಕೆ ಗಿಡ ಕೀಳಬೇಕೆಂದಿಲ್ಲ. ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಕೀಳುವಂತೆಯೂ ಇಲ್ಲ. ಮನೆಯಿಂದ ಬಸ್ ನಿಲ್ದಾಣದವರೆಗಿನ ಒಂದು ದಾರಿ ಸಾಕು, ಊರ ಹಳ್ಳದ ಒಂದು ತಿರುವು ಸಾಕು. ಪ್ರತಿ ರಜೆಯಲ್ಲಿ ಅದೇ ಜಾಗಕ್ಕೆ ಹೋಗಿ ಯಾವುದು ಹೂ ಬಿಟ್ಟಿದೆ, ಯಾವ ಹಕ್ಕಿ ಬಂದಿದೆ, ನೀರು ಯಾವ ತಿಂಗಳು ನಿಂತಿತು ಎಂದು ತಾರೀಖು ಹಾಕಿ ಬರೆಯುತ್ತ ಹೋದರೆ ಪದವಿ ಮುಗಿಯುವ ಹೊತ್ತಿಗೆ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ದಾಖಲೆಯೊಂದು ಕೈಯಲ್ಲಿರುತ್ತದೆ.

ಎರಡನೆಯ ಮಾತು: ಗಿಡದ ಹೆಸರು ಬರೆಯುವಾಗ ಅದನ್ನು ಹೇಳಿಕೊಟ್ಟವರ ಹೆಸರನ್ನೂ, ಅವರು ಒಪ್ಪಿದರೆ, ಬರೆಯಬೇಕು. ಅಜ್ಜಿ ಹೇಳಿದ ಸೊಪ್ಪು, ಜೇನು ಕೊಯ್ಯುವವರು ಹೇಳಿದ ಮರ, ಹಳ್ಳಿಯ ನಾಟಿವೈದ್ಯರು ಹೇಳಿದ ಬೇರು, ಎಲ್ಲಕ್ಕೂ ಹೇಳಿದವರ ಗುರುತು ಇರಲಿ. ಜೀವವೈವಿಧ್ಯ ಅಧಿನಿಯಮ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ, ಜನರ ಅರಿವನ್ನು ಒಳಗೊಂಡ ಜನತಾ ಜೀವವೈವಿಧ್ಯ ದಾಖಲೆಯೂ ಇರಬೇಕು. ಆ ದಾಖಲೆ ಬರಿಯ ಪಟ್ಟಿಯಾಗದೆ ಜೀವಂತವಾಗಬೇಕಾದರೆ, ಊರಿನವರ ಮಾತನ್ನೂ ಪುಸ್ತಕದ ಮಾತನ್ನೂ ಬಲ್ಲ ಕಾಲೇಜು ವಿದ್ಯಾರ್ಥಿಗಿಂತ ತಕ್ಕವರು ಯಾರು? 300 ವರ್ಷಗಳ ನಂತರ ಯಾರೋ ಹುಡುಕಿ ತೆಗೆಯಬೇಕಾದ ಋಣವನ್ನು ಇಂದೇ ಬರೆದಿಡಬಹುದು.

ಇನ್ನು ಹಿರಿಯರಿಗೆ ಒಂದು ಮಾತು. ಲಿನೇಯಸ್ ಪ್ರತಿಭಾವಂತ, ಸಂದೇಹವಿಲ್ಲ. ಆದರೆ ಪ್ರತಿಭೆ ಒಂದರಿಂದಲೇ ಅವನು ಉಳಿದನೇ? ರೋತ್‌ಮನ್ ಮನೆಯಲ್ಲಿಟ್ಟುಕೊಳ್ಳದಿದ್ದರೆ, ಹೋಕ್ ಆ ಪತ್ರವನ್ನು ಮುಂದಿಟ್ಟಿದ್ದರೆ, ಸ್ಟೊಬೇಯಸ್ ಸಿಟ್ಟಿನಿಂದ ಹೊರಹಾಕಿದ್ದರೆ, ಸೆಲ್ಸಿಯಸ್ ಉದ್ಯಾನದಲ್ಲಿ ನಿಲ್ಲದೆ ಮುಂದೆ ನಡೆದಿದ್ದರೆ, ಆ ಹುಡುಗನ ಗತಿ ಏನಾಗುತ್ತಿತ್ತು? ಅವರು ಯಾರೂ ದೊಡ್ಡ ಶ್ರೀಮಂತರಲ್ಲ. ಒಬ್ಬರು ಪಾಠ ಕೊಟ್ಟರು, ಒಬ್ಬರು ಒಂದು ಮಾತು ಆಡಿದರು, ಒಬ್ಬರು ಬೀಗದ ಕೈ ಕೊಟ್ಟರು, ಒಬ್ಬರು ಅನ್ನ ಹಾಕಿದರು. ಹಾಗೆ ಯಾರೂ ಸಿಗದೆ ಅರ್ಧಕ್ಕೆ ನಿಂತ ಹುಡುಗ ಹುಡುಗಿಯರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ.

ಈಗಿನ ಮಕ್ಕಳ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಕಾಣುವುದು ಮೇಣದಬತ್ತಿಯಲ್ಲ, ಮೊಬೈಲಿನ ಬೆಳಕು. ಅದರಲ್ಲಿ ಹೆಚ್ಚಿನದು ಕಾಲಹರಣವೇ ಇರಬಹುದು. ಆದರೆ ಒಂದು ಕೋಣೆಯಲ್ಲಿ ಯಾವಳೋ ಹುಡುಗಿ ಸಂಜೆ ಕಂಡ ಕಪ್ಪೆಯ ಕೂಗನ್ನು ಮತ್ತೆ ಮತ್ತೆ ಕೇಳಿ ಅದರ ಹೆಸರು ಹುಡುಕುತ್ತಿರಲೂಬಹುದು. ಸ್ಟೊಬೇಯಸ್ ಅವರ ತಾಯಿ ಬೆಳಕನ್ನು ಕಂಡು ಬೆಂಕಿಯೆಂದು ಹೆದರಿದರು; ಸ್ಟೊಬೇಯಸ್ ಬಾಗಿಲು ತೆರೆದು ನೋಡಿದರು. ಗದರುವ ಮುನ್ನ ಒಮ್ಮೆ ಬಾಗಿಲು ತೆರೆದು ನೋಡುವ ತಾಳ್ಮೆ ಊರಿನ ಹಿರಿಯರಿಗೆಲ್ಲ ಬರಲಿ.